ವಂಡರ್‌ಲಾಗೆ ಒಂದು ದಿನ: ಕ್ಯೂ ತಪ್ಪಿಸಿ ಆಟಕ್ಕೆ ಸಮಯ ಉಳಿಸಿಕೊಳ್ಳುವ ಲೆಕ್ಕಾಚಾರ

ಬಿಡದಿ ಬಳಿಯ ಮನರಂಜನಾ ಪಾರ್ಕ್ ವಂಡರ್‌ಲಾದಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ಆಟ ಶುರುವಾಗುತ್ತದೆ. ವಾರದ ದಿನಗಳಲ್ಲಿ ಸಂಜೆ 6ಕ್ಕೆ, ರಜಾದಿನಗಳಲ್ಲಿ 7ಕ್ಕೆ ಮುಗಿಯುತ್ತದೆ. ಏಳು ಗಂಟೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಊಟ, ಬಟ್ಟೆ ಬದಲಾಯಿಸುವುದು, ಲಾಕರ್, ಓಡಾಟ ಎಲ್ಲ ಸೇರಿ ಎರಡು ಗಂಟೆ ಹೋಯಿತು. ಉಳಿದದ್ದು 300 ನಿಮಿಷ. ಒಂದೊಂದು ರೈಡಿಗೂ 45 ನಿಮಿಷ ಕ್ಯೂ ನಿಂತು ಐದು ನಿಮಿಷ ಆಡಿದರೆ ಇಡೀ ದಿನಕ್ಕೆ ಆರು ರೈಡು. ಹತ್ತೇ ನಿಮಿಷ ನಿಲ್ಲುವಂತಾದರೆ ಇಪ್ಪತ್ತು. ಒಳಗೆ ಅರವತ್ತರಷ್ಟು ರೈಡುಗಳಿವೆ. ದುಡ್ಡು ಕೊಟ್ಟು, ಮಕ್ಕಳನ್ನು ಕರೆದುಕೊಂಡು ಹೋದವರು ಆರು ರೈಡು ಆಡಿ, ಬಿಸಿಲಲ್ಲಿ ಬೆಂದು ವಾಪಸ್ ಬರುವುದು ನಿಜಕ್ಕೂ ಬೇಸರದ ಸಂಗತಿ. ಅದೃಷ್ಟವನ್ನು ನಂಬುವ ಅಗತ್ಯವಿಲ್ಲ. ಜನ ಯಾವಾಗ ಎಲ್ಲಿರುತ್ತಾರೆ ಎಂಬುದನ್ನು ಹೆಚ್ಚೂಕಡಿಮೆ ಮೊದಲೇ ಹೇಳಬಹುದು. ಆ ಹೊತ್ತಿಗೆ ನೀವು ಬೇರೆ ಕಡೆ ಇದ್ದರಾಯಿತು.

ಮೊದಲು ದಿನ ಗೊತ್ತುಮಾಡಿ

ಜನಜಂಗುಳಿಯ ಮುಕ್ಕಾಲು ಪಾಲು ತೀರ್ಮಾನವಾಗುವುದು ಕ್ಯಾಲೆಂಡರಿನಲ್ಲಿ. ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಇರುವ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ದಸರಾ ರಜೆಯಲ್ಲಿ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ವಾರದ ದಿನವೂ ಭಾನುವಾರದಂತೆಯೇ ಇರುತ್ತದೆ. ಶುಕ್ರವಾರ ಅಥವಾ ಸೋಮವಾರ ಸರ್ಕಾರಿ ರಜೆ ಬಂದು ಮೂರು ದಿನ ಒಟ್ಟಿಗೆ ಸಿಕ್ಕರೆ ಆ ವಾರವನ್ನು ಬಿಟ್ಟೇಬಿಡಿ. ನಮ್ಮ ಪಂಚಾಂಗ ಒಂದನ್ನೇ ನೋಡಿದರೆ ಸಾಲದು. ತಮಿಳುನಾಡಿನ ಪೊಂಗಲ್ ರಜೆ, ಕೇರಳದ ಓಣಂ ರಜೆಗೂ ಅಲ್ಲಿಂದ ಬೆಂಗಳೂರಿಗೆ ಪ್ರವಾಸ ಬರುವವರಿರುತ್ತಾರೆ.

ಎಷ್ಟೋ ಜನ ಎಡವುವುದು ನವೆಂಬರ್‌ನಿಂದ ಜನವರಿಯವರೆಗಿನ ವಾರದ ದಿನಗಳಲ್ಲಿ. ಬುಧವಾರ ಖಾಲಿ ಇರುತ್ತದೆ ಎಂದು ರಜೆ ಹಾಕಿ ಹೋದರೆ ಪಾರ್ಕಿಂಗ್ ತುಂಬ ಶಾಲಾ ಬಸ್ಸುಗಳು. ಶೈಕ್ಷಣಿಕ ಪ್ರವಾಸದ ಕಾಲ ಅದು. ದೂರದ ಜಿಲ್ಲೆಗಳ ಶಾಲೆಗಳೂ ಮೈಸೂರು, ಶ್ರೀರಂಗಪಟ್ಟಣದ ಜೊತೆ ಇದನ್ನೂ ಸೇರಿಸಿಕೊಂಡಿರುತ್ತವೆ. ಬೇರೆ ದಿನ ಸಿಗದೆ ಆಗಲೇ ಹೋಗಬೇಕಾಗಿ ಬಂದರೆ ಒಂದು ಅನುಕೂಲವೂ ಇದೆ: ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಊರು ಮುಟ್ಟಿಸಬೇಕಾದ ಬಸ್ಸುಗಳು ನಾಲ್ಕು, ನಾಲ್ಕೂವರೆಗೆಲ್ಲ ಹೊರಡುತ್ತವೆ. ಆಮೇಲಿನ ಒಂದೂವರೆ ಗಂಟೆ ನಿಮ್ಮದೇ.

ಹಾಗಾದರೆ ಒಳ್ಳೆಯ ದಿನ ಯಾವುದು? ಎರಡು ಅವಧಿಗಳನ್ನು ಧೈರ್ಯವಾಗಿ ಹೇಳಬಹುದು. ಒಂದು, ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗೆ. ಪರೀಕ್ಷೆ ಹತ್ತಿರ ಬಂದಿರುವುದರಿಂದ ಮಕ್ಕಳಿರುವ ಮನೆಯವರು ಯಾರೂ ಹೊರಡುವುದಿಲ್ಲ. ಇನ್ನೊಂದು, ಶಾಲೆ ಶುರುವಾಗಿ ಎರಡು ವಾರ ಕಳೆದ ಮೇಲೆ, ಅಂದರೆ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ. ಎರಡರಲ್ಲೂ ಮಂಗಳವಾರ, ಬುಧವಾರ, ಗುರುವಾರ ಉತ್ತಮ. ಶುಕ್ರವಾರ ಕಂಪನಿಗಳ ಟೀಮ್ ಔಟಿಂಗ್ ಬರುತ್ತದೆ. ಶನಿವಾರ ಮತ್ತು ಭಾನುವಾರದ ನಡುವೆಯೇ ಆರಿಸಬೇಕು ಎಂದಾದರೆ ಶನಿವಾರ ವಾಸಿ.

ಆಷಾಢದ ದಿನಗಳಲ್ಲಿ ಹೋಗುವವರು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನ ಸುತ್ತ ಆಗ ಮಳೆ ಜಿನುಗುವುದಷ್ಟೇ, ಗಾಳಿ ಮಾತ್ರ ಜೋರು. ಗಾಳಿ ಹೆಚ್ಚಾದಾಗ ಎತ್ತರದ ರೈಡುಗಳನ್ನು ಸುರಕ್ಷತೆಗಾಗಿ ನಿಲ್ಲಿಸುತ್ತಾರೆ. ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಮಸ್ಯೆಯೇ ಬೇರೆ: ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬರುತ್ತದೆ. ಮಿಂಚು ಕಂಡರೆ ಹೊರಗಿನ ರೈಡು ಬಂದ್, ಈಜುಕೊಳದಿಂದ ಎಲ್ಲರೂ ಮೇಲಕ್ಕೆ. ಆ ತಿಂಗಳುಗಳಲ್ಲಿ ಎತ್ತರದ ರೈಡುಗಳನ್ನು ಬೆಳಿಗ್ಗೆಯೇ ಮುಗಿಸಿಬಿಡಿ.

ಟಿಕೆಟು

ಆನ್‌ಲೈನಿನಲ್ಲೇ ತೆಗೆದುಕೊಳ್ಳಿ. ಬಾಗಿಲ ಬಳಿ ಕೌಂಟರಿನಲ್ಲಿ ನಿಂತು ಕಳೆಯುವ ಅರ್ಧ ಗಂಟೆ ದಿನದ ಅತ್ಯಂತ ಬೆಲೆಬಾಳುವ ಅರ್ಧ ಗಂಟೆ. ದರ ದಿನದಿಂದ ದಿನಕ್ಕೆ ಬದಲಾಗುವುದರಿಂದ ಬೇರೆ ಬೇರೆ ದಿನಾಂಕ ಹಾಕಿ ನೋಡಿ. ದರ ಕಡಿಮೆ ಇರುವ ದಿನ ಜನವೂ ಕಡಿಮೆ ಎಂದೇ ಅರ್ಥ, ಜನ ಎಷ್ಟು ಬರಬಹುದು ಎಂಬ ಪಾರ್ಕಿನವರ ಸ್ವಂತ ಅಂದಾಜು ಅದು. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ. ಆದರೆ ಬಾಗಿಲಲ್ಲಿ ಮೂಲ ಗುರುತಿನ ಚೀಟಿ ತೋರಿಸಬೇಕು. ಟಿಕೆಟ್ ತೆಗೆಯುವ ದಿನವೇ ಸಮಯ ಮತ್ತು ದರವನ್ನು ಅವರ ಜಾಲತಾಣದಲ್ಲಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ, ಋತುವಿಗೆ ತಕ್ಕಂತೆ ಎರಡೂ ಬದಲಾಗುತ್ತವೆ.

ಫಾಸ್ಟ್‌ಟ್ರ್ಯಾಕ್ ಎಂಬ, ಬೇರೆ ಬಾಗಿಲಿನಿಂದ ಬಿಟ್ಟು ಕ್ಯೂ ಉಳಿಸುವ ದುಬಾರಿ ಟಿಕೆಟ್ ಬೇಕೇ? ಮೇ ತಿಂಗಳ ಭಾನುವಾರ, ಒಂದೇ ದಿನಕ್ಕೆಂದು ಹುಬ್ಬಳ್ಳಿ ಅಥವಾ ಮಂಗಳೂರಿನಿಂದ ಬಂದಿದ್ದೀರಿ, ಗುಂಪಿನಲ್ಲಿ ಎಲ್ಲರೂ ದೊಡ್ಡ ರೈಡು ಹತ್ತುವವರು ಎಂದಾದರೆ ಕೊಟ್ಟ ದುಡ್ಡಿಗೆ ಬೆಲೆ ಉಂಟು. ಐದು ದೊಡ್ಡ ರೈಡುಗಳಲ್ಲಿ 40 ನಿಮಿಷದಂತೆ ಉಳಿದರೂ 200 ನಿಮಿಷ ಸಿಕ್ಕಂತಾಯಿತು. ಜುಲೈ ಬುಧವಾರಕ್ಕೆ ಅದನ್ನು ಕೊಳ್ಳುವುದು ದಂಡ. ಪುಟ್ಟ ಮಕ್ಕಳು, ಅಜ್ಜಿ-ತಾತ ಜೊತೆಗಿದ್ದರೂ ಅಷ್ಟೇ, ಅವರು ಆಡುವ ರೈಡುಗಳಲ್ಲಿ ಅಷ್ಟೊಂದು ಕ್ಯೂ ಇರುವುದಿಲ್ಲ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಟೇಪು ಹಿಡಿದು ಮಕ್ಕಳ ಎತ್ತರ ಅಳೆಯಿರಿ. ವಂಡರ್‌ಲಾದಲ್ಲಿ ವಯಸ್ಸಲ್ಲ, ಎತ್ತರವೇ ಲೆಕ್ಕ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದ್ದು. ದೊಡ್ಡ ರೈಡುಗಳಿಗೂ 140 ಸೆಂ.ಮೀ. ಬೇಕು. ಚಪ್ಪಲಿ ತೆಗೆಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ದಪ್ಪ ಪುಸ್ತಕವೊಂದನ್ನು ಅಡ್ಡಲಾಗಿಟ್ಟು ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಜುಟ್ಟು, ತುರುಬು ಲೆಕ್ಕಕ್ಕಿಲ್ಲ. 138 ಬಂದರೆ ಅದನ್ನು ಮನೆಯಲ್ಲೇ ಮಗುವಿಗೆ ಹೇಳಿಬಿಡಿ. 40 ನಿಮಿಷ ಕ್ಯೂ ನಿಂತು, ಹತ್ತುವ ಹೊತ್ತಿಗೆ ಅಳತೆ ಕೋಲಿನ ಪಕ್ಕ ನಿಲ್ಲಿಸಿ ವಾಪಸ್ ಕಳಿಸಿದಾಗ ಮಗು ಅಳುವ ಅಳು ಇಡೀ ದಿನವನ್ನು ಕೆಡಿಸುತ್ತದೆ. ರೈಡು ನಡೆಸುವವರನ್ನು ಗೋಗರೆಯಬೇಡಿ. ಭುಜದ ಪಟ್ಟಿ, ತೊಡೆಯ ಮೇಲಿನ ಸರಳು ಆ ಎತ್ತರದ ಮೈಗೆ ಕೂರುವಂತೆ ಮಾಡಿರುವುದು. ಮಗು ಚಿಕ್ಕದಾದರೆ ಹಿಡಿತ ಸಡಿಲ.

ನೀರಿನ ರೈಡುಗಳಿಗೆ ನೈಲಾನ್, ಲೈಕ್ರಾ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಆಗಬೇಕು. ಹತ್ತಿಯ ಟೀ ಶರ್ಟು, ಜೀನ್ಸು, ಸೀರೆ, ಚೂಡಿದಾರ, ದುಪಟ್ಟ ಯಾವುದಕ್ಕೂ ಬಿಡುವುದಿಲ್ಲ. ಕಾರಣ ಸ್ಪಷ್ಟ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಫೈಬರ್ ಜಾರುಬಂಡೆಯಲ್ಲಿ ಮೈಗೆ ಅಂಟಿ ವೇಗ ಕಡಿಮೆ ಮಾಡುತ್ತದೆ, ಮಧ್ಯದಲ್ಲೇ ನಿಂತವರ ಮೇಲೆ ಹಿಂದಿನವರು ಬಂದು ಬೀಳುತ್ತಾರೆ. ಅದರ ನೂಲೆಳೆ ನೀರು ಶುದ್ಧಮಾಡುವ ಫಿಲ್ಟರಿಗೂ ಹೋಗಿ ಕಟ್ಟಿಕೊಳ್ಳುತ್ತದೆ. ಜೀನ್ಸಿನ ಲೋಹದ ಗುಂಡಿ, ಜಿಪ್ಪು ಜಾರುಬಂಡೆಯನ್ನು ಗೀರುತ್ತವೆ, ಆ ಗೀರು ಮುಂದೆ ಬರುವವರ ಬೆನ್ನು ತರಚುತ್ತದೆ. ಒಳಗೆ ಅಂಗಡಿಯಿದೆ ನಿಜ, ಆದರೆ ಅಲ್ಲಿ ಅಳತೆ ಹುಡುಕುತ್ತಾ ಅರ್ಧ ಗಂಟೆ ಕಳೆಯುವ ಬದಲು ನಿಮ್ಮೂರಿನಲ್ಲೇ ಪಾಲಿಯೆಸ್ಟರ್ ಟೀ ಶರ್ಟು, ಲೈಕ್ರಾ ಲೆಗ್ಗಿಂಗ್ಸ್ ಕೊಂಡಿಟ್ಟುಕೊಳ್ಳಿ. ಹೆಂಗಸರು ಮೈತುಂಬ ಮುಚ್ಚುವ ಪೂರ್ಣತೋಳಿನ ಈಜುಡುಗೆಯನ್ನೂ ಹಾಕಿಕೊಳ್ಳಬಹುದು, ಮುಜುಗರಕ್ಕೆ ಕಾರಣವಿಲ್ಲ.

ಒಡವೆಯ ವಿಷಯ ಯಾರೂ ಮೊದಲೇ ಯೋಚಿಸುವುದಿಲ್ಲ. ಉದ್ದನೆಯ ತಾಳಿ ಸರ ಜಾರುಬಂಡೆಯಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಗಾಜಿನ ಬಳೆ ಒಡೆದರೆ ಕೊಳದಲ್ಲಿ ಬರಿಗಾಲಿನಲ್ಲಿ ಓಡಾಡುವ ನೂರಾರು ಮಕ್ಕಳಿಗೆ ಅಪಾಯ, ಕಾಲ್ಗೆಜ್ಜೆ ಕಳಚಿ ಬಿದ್ದರೆ ಸಿಗುವುದಿಲ್ಲ. ತಾಳಿ ತೆಗೆಯಲು ಮನಸ್ಸಿಲ್ಲದವರು ಆ ದಿನಕ್ಕೆ ಅರಿಶಿನ ದಾರಕ್ಕೆ ಪೋಣಿಸಿಕೊಂಡು, ಬಟ್ಟೆಯ ಒಳಗೆ ಸೇರಿಸಿಕೊಳ್ಳುವುದುಂಟು. ಕನ್ನಡಕದವರಿಗೆ ಹಿಂದಿನಿಂದ ಕಟ್ಟುವ ಬೆಲ್ಟು ಬೇಕು.

ಚೀಲ ಒಂದೇ ಇರಲಿ: ಟವೆಲ್, ಒಂದು ಜೊತೆ ಒಣ ಬಟ್ಟೆ, ಒದ್ದೆ ಬಟ್ಟೆಗೆ ದಪ್ಪ ಕವರು, ಮೊಬೈಲಿಗೆ ನೀರು ಹೋಗದ ಪೌಚು, ಖಾಲಿ ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಕೂಸುಗಳ ಆಹಾರ ಬಿಟ್ಟು. ಕುಡಿಯುವ ನೀರು ಒಳಗೆ ಸಿಗುತ್ತದೆ.

ದಾರಿ ಮತ್ತು ತಟ್ಟೆ ಇಡ್ಲಿ

ಬೆಂಗಳೂರಿನಿಂದ ಸುಮಾರು 28 ಕಿ.ಮೀ. ಕಾರಿನವರು ಗಮನಿಸಬೇಕಾದದ್ದು ಒಂದೇ: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಹತ್ತಬೇಡಿ, ಸರ್ವಿಸ್ ರಸ್ತೆಯಲ್ಲೇ ಹೋಗಿ. ಹತ್ತಿದರೆ ಕಣಿಮಿಣಿಕೆಯಲ್ಲಿ ಟೋಲ್ ಕಟ್ಟಬೇಕು, ಬೇಕಾದ ಕಡೆ ಇಳಿಯಲು ದಾರಿಯೂ ಸಿಗದೆ ಮುಂದೆ ಹೋಗಿ ತಿರುಗಿಸಿಕೊಂಡು ಬರಬೇಕು. ಬೈಕು, ಆಟೋಗಳಿಗಂತೂ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ. ಕಾರಿಲ್ಲದವರು ನೇರಳೆ ಮಾರ್ಗದ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ ಬಂದು, ಅಲ್ಲಿಂದ ಬಿಡದಿ ಕಡೆಯ ಬಸ್ಸು ಅಥವಾ ಕ್ಯಾಬ್ ಹಿಡಿಯಬಹುದು. ಹೆದ್ದಾರಿಯಲ್ಲಿ ಇಳಿದರೆ ಒಳಗೆ ಹೋಗಲು ಆಟೋ ಮಾಡಬೇಕು.

ಪಾರ್ಕಿನ ತಿರುವು ದಾಟಿ ಸ್ವಲ್ಪ ಮುಂದೆ ಹೋದರೆ ಬಿಡದಿ, ತಟ್ಟೆ ಇಡ್ಲಿಯ ಊರು. ಒಂಬತ್ತೂವರೆಯೊಳಗೆ ಅಲ್ಲಿ ತಲುಪಿ. ತಲೆಗೆ ಎರಡು ತಟ್ಟೆ ಇಡ್ಲಿ, ಚಟ್ನಿ, ಬೇಕಿದ್ದರೆ ಒಂದು ಕಾಫಿ. ಅಷ್ಟಕ್ಕೇ ನಿಲ್ಲಿಸಿ. ಆವಿಯಲ್ಲಿ ಬೆಂದ ಇಡ್ಲಿ ಹೊಟ್ಟೆಗೆ ಭಾರವಾಗದೆ ಮಧ್ಯಾಹ್ನ ಒಂದರವರೆಗೆ ತಡೆಯುತ್ತದೆ. ಎಣ್ಣೆಯ ಪೂರಿ, ವಡೆ ತಿಂದು ತಿರುಗುವ ರೈಡು ಹತ್ತಿದವರ ಪಾಡು ಕೇಳುವುದೇ ಬೇಡ. ಈ ತಿಂಡಿ ಮುಖ್ಯ, ಮಧ್ಯಾಹ್ನದ ನಮ್ಮ ಯೋಜನೆಯೆಲ್ಲ ನಿಂತಿರುವುದು ಇದರ ಮೇಲೆ.

ಗಂಟೆಗೊಂದು ಲೆಕ್ಕ

ಹತ್ತೂವರೆಗೆ ಬಾಗಿಲ ಬಳಿ ಇರಿ. ಚೀಲ ತಪಾಸಣೆ ಮುಗಿಸಿ, ಲಾಕರ್ ಪಡೆದು, ಆಟ ಶುರುವಾಗುವ ಹೊತ್ತಿಗೆ ಕೈ ಬೀಸಿಕೊಂಡು ನಡೆಯುವಂತಿರಬೇಕು.

11 ಗಂಟೆ. ಒಳಗೆ ಬಂದವರು ಕಣ್ಣಿಗೆ ಬಿದ್ದ ಮೊದಲ ರೈಡಿಗೇ ನಿಲ್ಲುತ್ತಾರೆ. ನೀವು ನಿಲ್ಲದೆ ನೇರವಾಗಿ ಇಲ್ಲಿನ ರೋಲರ್ ಕೋಸ್ಟರ್ ರಿಕಾಯಿಲ್‌ಗೆ ಹೋಗಿ. ಅದರ ರೈಲು ಮೊದಲು ಹಿಂದಕ್ಕೆ ಎಳೆಸಿಕೊಂಡು ಮೇಲೇರುತ್ತದೆ, ಬಿಟ್ಟಾಗ ರಭಸದಿಂದ ಬಂದು ತಲೆಕೆಳಗಾಗಿ ಸುತ್ತಿ ಇನ್ನೊಂದು ತುದಿಗೇರಿ, ಅದೇ ಹಳಿಯಲ್ಲಿ ಹಿಮ್ಮುಖವಾಗಿ ವಾಪಸಾಗುತ್ತದೆ. ಹೋದ ರೈಲು ಬಂದು ನಿಂತು, ಜನ ಇಳಿಯುವವರೆಗೆ ಮುಂದಿನವರು ಹತ್ತುವಂತಿಲ್ಲ. ಹೀಗಾಗಿ ಇಲ್ಲಿ ಒಮ್ಮೆ ಬೆಳೆದ ಕ್ಯೂ ಸಂಜೆಯವರೆಗೂ ಕರಗುವುದಿಲ್ಲ. ಮೊದಲ ಮೂರ್ನಾಲ್ಕು ಸುತ್ತಿನಲ್ಲಿ ಮುಗಿಸಿದರೆ ಮುಕ್ಕಾಲು ಗಂಟೆ ಉಳಿಯಿತು. ಅಲ್ಲಿಂದ ಮ್ಯಾವರಿಕ್, ಹರಿಕೇನ್, ವೈ-ಸ್ಕ್ರೀಮ್‌ನಂಥ ದೊಡ್ಡ ರೈಡುಗಳು.

12 ಗಂಟೆ. ನೀರಿನ ರೈಡುಗಳು ಸಾಮಾನ್ಯವಾಗಿ ಈ ಹೊತ್ತಿಗೆ ತೆರೆಯುತ್ತವೆ. ಜನ ಒಟ್ಟಿಗೆ ಬಟ್ಟೆ ಬದಲಾಯಿಸುವ ಕೋಣೆಯತ್ತ ಹೊರಡುತ್ತಾರೆ. ನೀವು ಹೊರಡಬೇಡಿ. ಮುಂದಿನ ಒಂದು ಗಂಟೆ ಒಣ ರೈಡುಗಳ ಕ್ಯೂ ಕಣ್ಣೆದುರೇ ಇಳಿಯುತ್ತದೆ. ತಲೆ ತಿರುಗಿಸುವ ರೈಡುಗಳೆಲ್ಲ ಈಗಲೇ ಆಗಲಿ, ಹೊಟ್ಟೆ ಹಗುರ ಇರುವಾಗ. ಬಿಸಿಲು ಜಾಸ್ತಿ ಇದ್ದರೆ ರೈಡಿಗೊಮ್ಮೆ ನೀರು ಕುಡಿಯುತ್ತಾ ಹೋಗಿ.

1 ಗಂಟೆ. ನೀರಲ್ಲಿದ್ದವರಿಗೆ ಹಸಿವಾಗಿ ಊಟದ ಕಡೆ ಸಾಲುಗಟ್ಟುತ್ತಾರೆ. ನೀವು ಒಂದು ಮಜ್ಜಿಗೆ ಅಥವಾ ಜ್ಯೂಸ್ ಕುಡಿದು ಬಟ್ಟೆ ಬದಲಾಯಿಸಿ ನೀರಿಗೆ ಇಳಿಯಿರಿ. ಮೊದಲು ಎತ್ತರದ ಜಾರುಬಂಡೆಗಳು, ಕ್ಯೂ ಕಡಿಮೆ ಇರುವುದು ಈ ಒಂದೂಕಾಲು ಗಂಟೆ ಮಾತ್ರ. ಅಲೆಯ ಕೊಳ, ಲೇಜಿ ರಿವರ್ ಆಮೇಲೂ ಆಗುತ್ತವೆ, ಅಲ್ಲಿ ಕ್ಯೂ ಎಂಬುದೇ ಇಲ್ಲ. ಡಿಸೆಂಬರ್-ಜನವರಿಯಲ್ಲೂ ಇದೇ ಹೊತ್ತು ಸರಿ, ಬಿಸಿಲು ಇರುವಾಗಲೇ ನೀರು ಸಹಿಸಲು ಆಗುವುದು. ಚಳಿ ಹಿಡಿದವರನ್ನು ರೇನ್ ಡಿಸ್ಕೋಗೆ ಕಳಿಸಿ, ಅಲ್ಲಿ ಮೇಲಿನಿಂದ ಸುರಿಯುವುದು ಬೆಚ್ಚಗಿನ ನೀರು.

2:50. ಎಲ್ಲರೂ ಊಟ ಮುಗಿಸಿ ಮತ್ತೆ ನೀರಿಗೆ ಬರುವ ಹೊತ್ತು. ನೀವು ಮೇಲೆ ಬನ್ನಿ. ಬಟ್ಟೆ ಬದಲಾಯಿಸುವ ಕೋಣೆ ಈಗ ಖಾಲಿ. ಇದೇ ಕೋಣೆಗೆ ನಾಲ್ಕೂವರೆಯಿಂದ ಐದರ ನಡುವೆ ಹೋದರೆ, ನೀರಿನ ರೈಡು ಮುಚ್ಚುವ ಹೊತ್ತಿಗೆ ನೂರಾರು ಜನ ಒಟ್ಟಿಗೆ ನುಗ್ಗಿ, ಒದ್ದೆ ಮೈಯಲ್ಲಿ ನಡುಗುತ್ತಾ ಕಾಯಬೇಕು. ಮೂರು ಗಂಟೆಗೆ ಊಟ. ಮೇಜು ಸಲೀಸಾಗಿ ಸಿಗುತ್ತದೆ.

3:45. ಊಟದ ಮೇಲೆ ನಿಧಾನದ ರೈಡುಗಳು. ಗೋಪುರದ ನೆತ್ತಿಯಲ್ಲಿ ತಿರುಗುವ ಸ್ಕೈ ವೀಲ್ ಸಂಜೆ ಕೆಂಪಾಗುವ ಹೊತ್ತಿಗೆ ತುಂಬುತ್ತದೆ, ಅದಕ್ಕೆ ಮೊದಲೇ ಹತ್ತಿ. ಊಟವಾಗಿ ಗಂಟೆ ಕಳೆದ ಮೇಲೆ ಬೆಳಿಗ್ಗೆ ಬಿಟ್ಟುಹೋದ ದೊಡ್ಡ ರೈಡುಗಳು. ಜನ ಇನ್ನೂ ನೀರಲ್ಲೇ ಇದ್ದಾರೆ.

5 ಗಂಟೆ. ನೀರಿನಿಂದ ಎದ್ದವರೆಲ್ಲ ಒಣ ರೈಡುಗಳಿಗೆ ಬರುತ್ತಾರೆ. ರಜಾದಿನವಾದರೆ ಇದು ಹೊರಡುವ ಹೊತ್ತು. ಶಾಲಾ ಪ್ರವಾಸದ ಬುಧವಾರವಾದರೆ ಮಾತ್ರ ಕೊನೆಯವರೆಗೂ ಇರಿ.

ಈ ಕ್ಯೂನಲ್ಲಿ ನಿಲ್ಲಬೇಕೋ ಬೇಡವೋ?

ಎರಡು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಒಂದು ಸುತ್ತಿಗೆ ಎಷ್ಟು ಸೀಟು ಎಂದು ಎಣಿಸಿ. ಒಂದು ತಂಡ ಹತ್ತಿದಾಗಿನಿಂದ ಮುಂದಿನ ತಂಡ ಹತ್ತುವವರೆಗೆ ಎಷ್ಟು ನಿಮಿಷ ಎಂದು ಗಡಿಯಾರ ನೋಡಿ. 24 ಸೀಟು, 4 ನಿಮಿಷ ಎಂದರೆ ಗಂಟೆಗೆ 15 ಸುತ್ತು, 360 ಜನ. ಮುಂದೆ 120 ಜನ ಇದ್ದರೆ ಐದು ಸುತ್ತು, 20 ನಿಮಿಷ. ಆದರೆ ಸೀಟು ಪೂರ್ತಿ ತುಂಬುವುದಿಲ್ಲ. ನಾಲ್ವರ ಗುಂಪು ಒಟ್ಟಿಗೇ ಕೂರಬೇಕೆಂದು ಮುಂದಿನ ಸುತ್ತಿಗೆ ಕಾಯುತ್ತದೆ. ಫಾಸ್ಟ್‌ಟ್ರ್ಯಾಕಿನವರು ಇನ್ನೊಂದು ಬಾಗಿಲಿನಿಂದ ಬಂದು ಸೀಟು ಹಿಡಿಯುತ್ತಾರೆ. ಆದ್ದರಿಂದ ಬಂದ ಉತ್ತರಕ್ಕೆ ಅದರ ಅರ್ಧ ಸೇರಿಸಿ: 30 ನಿಮಿಷ.

ಕ್ಯೂವಿನ ಉದ್ದ ನೋಡಿ ಮೋಸ ಹೋಗಬೇಡಿ. ನೀರಿನಲ್ಲಿ ಒಬ್ಬರ ಹಿಂದೆ ಒಬ್ಬರನ್ನು ಬಿಡುವ ಜಾರುಬಂಡೆಯ ಉದ್ದ ಸಾಲು ಬೇಗ ಸರಿಯಬಹುದು, ಟ್ಯೂಬು ಮೇಲೆ ಹೊತ್ತು ತರಬೇಕಾದ ರೈಡಿನ ಗಿಡ್ಡ ಸಾಲು ಅಲುಗದೆ ನಿಲ್ಲಬಹುದು. ಒಂದು ರೈಡು ಕೆಟ್ಟು ನಿಂತರೆ ಹತ್ತು ನಿಮಿಷ ನೋಡಿ, ಸಿಬ್ಬಂದಿ ಸಮಯ ಹೇಳದಿದ್ದರೆ ಹೊರಬಂದುಬಿಡಿ. ಇಷ್ಟು ಹೊತ್ತು ನಿಂತಾಯಿತಲ್ಲ ಎಂಬ ಸಂಕಟಕ್ಕೇ ಜನ ಇನ್ನೊಂದು ಗಂಟೆ ಕಳೆದುಕೊಳ್ಳುವುದು.

ಮಕ್ಕಳು, ಹಿರಿಯರು

ಹತ್ತು ಜನರ ಗುಂಪು ಎಲ್ಲ ಕಡೆ ಒಟ್ಟಿಗೇ ಹೋಗಬೇಕೆಂದು ಹಟ ಹಿಡಿದರೆ ಯಾರಿಗೂ ಆಟ ಸಿಗುವುದಿಲ್ಲ. ದೊಡ್ಡ ರೈಡಿನವರು, ಚಿಕ್ಕವರ ಜೊತೆ ಇರುವವರು ಎಂದು ಎರಡಾಗಿ, ಮೂರು ಗಂಟೆಗೆ ಊಟದಲ್ಲಿ ಸೇರಿ. ಅಪ್ಪ ಬೆಳಿಗ್ಗೆ ರೈಡು ಹತ್ತಿದರೆ ಅಮ್ಮ ಮಧ್ಯಾಹ್ನ ಹತ್ತಲಿ. ಇಡೀ ದಿನ ಚೀಲ ಕಾಯುವ ಕೆಲಸ ಅಮ್ಮನಿಗೋ ಅತ್ತೆಗೋ ಬೀಳದಂತೆ ಮೊದಲೇ ಹೇಳಿಟ್ಟುಕೊಳ್ಳಿ. ಬಿ.ಪಿ., ಹೃದಯದ ತೊಂದರೆ, ಬೆನ್ನುನೋವು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ದೊಡ್ಡ ರೈಡುಗಳ ಹತ್ತಿರ ಸುಳಿಯಬಾರದು.

ನೀರಿನ ಭಾಗದಲ್ಲಿ ಮೊಬೈಲ್ ಲಾಕರಿನಲ್ಲಿರುತ್ತದೆ, ಕಳೆದುಹೋದವರಿಗೆ ಫೋನ್ ಮಾಡುವಂತಿಲ್ಲ. ಸೇರುವ ಜಾಗ ಒಂದನ್ನು ಒಳಗೆ ಕಾಲಿಟ್ಟ ತಕ್ಷಣ ಮಕ್ಕಳಿಗೆ ತೋರಿಸಿ. ಪುಟ್ಟ ಮಕ್ಕಳ ಮುಂಗೈ ಒಳಭಾಗದಲ್ಲಿ ಅಳಿಸದ ಮಾರ್ಕರಿನಲ್ಲಿ ನಿಮ್ಮ ನಂಬರ್ ಬರೆಯಿರಿ. ಬಾಲ್‌ಪೆನ್ನಿನದು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಅಲೆಯ ಕೊಳದಲ್ಲಿ ಸಮಯಕ್ಕೊಮ್ಮೆ ಅಲೆ ಬಿಡುತ್ತಾರೆ. ಆಗ ಜನ ಕೂಗುತ್ತಾ ಆಳದ ಕಡೆ ಓಡುತ್ತಾರೆ. ಆ ನೂಕಿನಲ್ಲಿ ಮಗು ನೀರಿಗಿಂತ ಹೆಚ್ಚು ಜನರ ಕಾಲಡಿ ಸಿಗುವ ಭಯ. ಮೊಣಕಾಲು ಮಟ್ಟದ ನೀರಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಿಸಿಕೊಳ್ಳಿ. ಲೈಫ್‌ಗಾರ್ಡ್ ಇದ್ದಾರೆಂದು ದಡದಲ್ಲಿ ಕೂರಬೇಡಿ.

ವಾಪಸ್ ಬರುವಾಗ

ಭಾನುವಾರ ಸಂಜೆ ಆರರ ಮೇಲೆ ಮೈಸೂರು ಕಡೆಯಿಂದ ಬೆಂಗಳೂರಿಗೆ ಮರಳುವ ವಾಹನಗಳೆಲ್ಲ ಕುಂಬಳಗೋಡು, ಕೆಂಗೇರಿಯಲ್ಲಿ ಸೇರುತ್ತವೆ. ಐದಕ್ಕೆ ಹೊರಟವರಿಗೆ ದಾರಿ ಸಲೀಸು, ಏಳಕ್ಕೆ ಹೊರಟವರಿಗೆ ಅದೇ ದಾರಿ ದುಪ್ಪಟ್ಟು ಹೊತ್ತು. ತಡವಾಗಿಯೇಬಿಟ್ಟರೆ ಬಿಡದಿಯಲ್ಲಿ ಊಟ ಮುಗಿಸಿ ಎಂಟೂವರೆ ಮೇಲೆ ಹೊರಡುವುದು ವಾಸಿ. ಮೆಟ್ರೋದವರು ಚಲ್ಲಘಟ್ಟದ ಕೊನೆಯ ರೈಲಿನ ಸಮಯವನ್ನು ಬೆಳಿಗ್ಗೆ ಇಳಿದಾಗಲೇ ಅಲ್ಲಿನ ಫಲಕದಲ್ಲಿ ನೋಡಿಕೊಂಡಿರಿ. ಲಾಕರ್ ಕೀಲಿ ಕೊಡುವ ಮುನ್ನ ಒಳಗೆ ಒಮ್ಮೆ ಕೈಯಾಡಿಸಿ. ತೆಗೆದಿಟ್ಟ ಉಂಗುರ, ಓಲೆ ಸಾಮಾನ್ಯವಾಗಿ ಮೂಲೆಯಲ್ಲೇ ಉಳಿದಿರುತ್ತವೆ.